ಮದುವೆ ಛತ್ರದಲ್ಲಿ ತಂಗಿದ ದೋಣಿ

ರಾತ್ರಿ ಮಲಗುವಾಗ ನಮ್ಮ ದೋಣಿಗೆ ಒಂದು ಬೀಗ ಇತ್ತು. ಬೆಳಗ್ಗೆ ಆರಕ್ಕೆ ಎದ್ದು ನೋಡಿದರೆ ಎರಡು ಬೀಗ.

ಕಳ್ಳತನದ ಬಗ್ಗೆ ನನ್ನ ಜ್ಞಾನ ಅಷ್ಟಕ್ಕಷ್ಟೆ. ಆದರೂ ಒಂದು ನಿಯಮ ಗೊತ್ತು. ರಾತ್ರಿ ಹೊರಗೆ ಬಿಟ್ಟ ಸಾಮಾನು ಬೆಳಗಿನ ಹೊತ್ತಿಗೆ ಕಮ್ಮಿಯಾಗಿರಬೇಕು. ಸೈಕಲ್ ಬಿಟ್ಟರೆ ಸೀಟು ಹೋಗಿರಬೇಕು. ಲಾರಿ ಬಿಟ್ಟರೆ ಸ್ಟೆಪ್ನಿ ಹೋಗಿರಬೇಕು. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟರೆ ಒಳ್ಳೆಯದು ಹೋಗಿ ಕಿತ್ತದ್ದು ಉಳಿದಿರಬೇಕು. ಬಿಟ್ಟದ್ದು ಜಾಸ್ತಿಯಾಗಿದ್ದನ್ನು ಯಾವ ಊರಲ್ಲಾದರೂ ಕೇಳಿದ್ದೀರಾ?

ನಮ್ಮ ತುಮಕೂರಿನಲ್ಲಿ ಆಗುತ್ತೆ ಸ್ವಾಮಿ. ಕಳೆದ ವಾರ ಆಯಿತು.

ಮೊದಲು ಈ ದೋಣಿ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಕಡೆಯವನು ‘ದೋಣಿ’ ಅಂದರೆ ಜನ ಮೊದಲು ಅವನ ಬಾಯಿ ವಾಸನೆ ನೋಡುತ್ತಾರೆ.

ಪಂಚಾಕ್ಷರಿ ಮಾವ ನಮ್ಮಮ್ಮನ ಒಬ್ಬನೇ ತಮ್ಮ. ಗುಬ್ಬಿಯವನು. ಹನ್ನೆರಡು ವರ್ಷ ಟೆಂಪೊ ಓಡಿಸಿದವನು. ಈ ಸಲ ಮಳೆ ಚೆನ್ನಾಗಿ ಹುಯ್ದು ಗುಬ್ಬಿ ಕೆರೆ ತುಂಬಿತಲ್ಲ, ಊರಿನವರೆಲ್ಲ ಏರಿ ಮೇಲೆ ನಿಂತು ನೀರು ನೋಡಿದರು. ಮಾವ ನೀರು ನೋಡಲಿಲ್ಲ. ನೀರು ನೋಡುತ್ತಿದ್ದ ಜನರನ್ನು ನೋಡಿದ.

“ಇಷ್ಟ್ ಜನ ದಡದಲ್ಲಿ ನಿಂತ್ಕಂಡು ಬಿಟ್ಟಿ ನೋಡ್ತಾವ್ರಲ್ಲೋ. ಇವ್ರನ್ನ ಕೂರುಸ್ಕಂಡು ಒಂದೊಂದ್ ರೌಂಡ್ ಹೊಡ್ಸುದ್ರೆ?”

ಹೊಡೆಸಲು ಹೊರಟೇಬಿಟ್ಟ. ಬೋಟಿಂಗ್ ಕಾಂಟ್ರಾಕ್ಟ್ ಹಿಡಿದ. ಇದ್ದ ಒಂದು ಟೆಂಪೊ ಮಾರಿದ. ಮಂಗಳೂರಿನ ಕಡೆ ಹೋಗಿ ಎಂಟು ಸೀಟಿನ ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ, ಅದನ್ನು ಹೊರಲು ಎರಡು ಚಕ್ರದ ಟ್ರೈಲರ್, ದೋಣಿಯ ಹಿಂಭಾಗಕ್ಕೆ ಸಿಕ್ಕಿಸುವ ಒಂದು ಇಂಜಿನ್, ಇಷ್ಟನ್ನೂ ಕೊಂಡ. ಸೋಮವಾರ ಬೆಳಗ್ಗೆ ಗುಬ್ಬಿ ಕೆರೆಯಲ್ಲಿ ಉದ್ಘಾಟನೆ. ಟೇಪು ಕತ್ತರಿಸಲು ದೊಡ್ಡವರು ಬರುತ್ತಾರೆ. ಅಷ್ಟರಲ್ಲಿ ದೋಣಿ ನೀರಿನಲ್ಲಿರಬೇಕು. ಇಲ್ಲದಿದ್ದರೆ ಕಾಂಟ್ರಾಕ್ಟ್ ಪಟ್ಟಿಯಲ್ಲಿ ಎರಡನೇ ಹೆಸರಿನವನಿಗೆ. ಮಾವನಿಗೆ ವಾಪಸ್ ಹತ್ತಲು ಟೆಂಪೊನೂ ಇಲ್ಲ.

ನಾನ್ಯಾಕೆ ಹೋದೆ? ಬಾಡಿಗೆ ಜೀಪಿನಲ್ಲಿ ಮಾವನ ಪಕ್ಕ ಕೂತು ಅವನಿಗೆ ತೂಕಡಿಕೆ ಬಾರದಂತೆ ನೋಡಿಕೊಳ್ಳಲು. ಅದೊಂದು ಕೆಲಸ ನನಗೆ ಬರುತ್ತದೆ. ವಾರವಾರ ಈ ಮೂಲೆ ಓದುವವರಿಗೆ ಗೊತ್ತೇ ಇದೆ, ನಾನು ಮಿಮಿಕ್ರಿಯವನು. ಬಸ್ ಕಂಡಕ್ಟರು, ನಮ್ಮ ಹಳೇ ಹೆಡ್‌ಮಾಸ್ಟರು, ರೇಷನ್ ಅಂಗಡಿಯವನು, ಜಗಳದಲ್ಲಿ ಅತ್ತೆ, ಅದೇ ಜಗಳದಲ್ಲಿ ಸೊಸೆ, ಎಲ್ಲರ ಧ್ವನಿಯೂ ಬರುತ್ತದೆ. (ನನ್ನ ಧ್ವನಿ ಮಾತ್ರ ಮರೆತುಹೋಗಿದೆ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗ ಮೂವರು ಹುಡುಗಿಯರು “ಯಾರ್ರೀ ನೀವು?” ಅಂತ ಕೇಳಿ ಇಟ್ಟಿದ್ದಾರೆ. ಗೊತ್ತಿದ್ದೂ ಕೇಳಿದರು ಎಂಬುದು ಮಾವನ ಅಭಿಪ್ರಾಯ.)

ದೋಣಿ ನೀರಿನಲ್ಲಿ ಎಷ್ಟು ಹಗುರವೋ ರಸ್ತೆಯಲ್ಲಿ ಅಷ್ಟೇ ಭಾರ. ಘಾಟಿ ಹತ್ತಿಸಿಕೊಂಡು ಕುಣಿಗಲ್ ಮುಟ್ಟುವಷ್ಟರಲ್ಲಿ ಶುಕ್ರವಾರ ಸಂಜೆಯಾಗಿತ್ತು. ಟ್ರೈಲರಿಗೆ ಹಿಂದೆ ಲೈಟಿಲ್ಲ. ಕತ್ತಲಲ್ಲಿ ಹೈವೇ ಮೇಲೆ ಎಳೆಯುವ ಹಾಗಿಲ್ಲ. ತಂಗಲೇಬೇಕು.

ತಂಗುವುದು ಅಂದರೆ ಕಾಯುವುದು ಅಂತ ಆಮೇಲೆ ಗೊತ್ತಾಯಿತು.

ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜ್ ಮುಂದೆ ದೋಣಿ ನಿಲ್ಲಿಸಿದೆವು. ಐದು ನಿಮಿಷದಲ್ಲಿ ಐವತ್ತು ಜನ. ಕುಣಿಗಲ್ಲಿನವರು ಕುದುರೆ ಕಂಡವರು, ಕೆರೆ ಕಂಡವರು. ಚಕ್ರದ ಮೇಲೆ ಕೂತ ದೋಣಿ ಕಂಡವರಲ್ಲ. ಒಬ್ಬೊಬ್ಬರೂ ಒಂದೊಂದು ಸಲಹೆ ಕೊಟ್ಟರು.

“ಜೀಪಿಂದ ಬಿಚ್ಬೇಡಿ ಸಾ. ಬಿಚ್ಚುದ್ರೆ ಇನ್ನೊಂದ್ ಗಾಡಿಗೆ ಕಟ್ಕಂಡ್ ಹೋಯ್ತಾರೆ.”

“ಬಿಚ್ಚಿ ಸಾ. ಇಲ್ಲಾಂದ್ರೆ ಜೀಪ್ ಸಮೇತ ಹೋಯ್ತಾರೆ.”

“ಜೀಪಿಗೆ ಸಿಕ್ಸೋ ಕೊಕ್ಕೆ ಗೋಡೆ ಕಡೆ ಮಾಡಿ ನಿಲ್ಸಿ. ಕೊಕ್ಕೆಗೆ ಕೈ ಎಟುಕ್ಬಾರ್ದು.”

“ಒಂದ್ ಚಕ್ರ ಬಿಚ್ಚಿ ತಲೆದೆಸೆ ಇಟ್ಕಂಡ್ ಮನಿಕ್ಕೊಳಿ. ಮೂರ್ ಕಾಲಲ್ಲಿ ಯಾವ್ ಕತ್ತೆ ಓಡುತ್ತೆ?” (ಎರಡು ಚಕ್ರದ ಗಾಡಿಯಲ್ಲಿ ಒಂದು ಬಿಚ್ಚಿದರೆ ಉಳಿಯುವುದು ಎಷ್ಟು ಅಂತ ಅವರನ್ನು ಯಾರೂ ಕೇಳಲಿಲ್ಲ.)

ಮಾವ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಎಲ್ಲವನ್ನೂ ಮಾಡಿದ. ಕೊಕ್ಕೆ ಗೋಡೆಗೆ ಮುಖ ಮಾಡಿತು. ಸರಪಳಿ ಟ್ರೈಲರಿನ ಹೊಟ್ಟೆಯಲ್ಲಿ ತೂರಿ ಲೈಟು ಕಂಬ ಸುತ್ತಿ ಬಂದು ಬೀಗ ಹಾಕಿಸಿಕೊಂಡಿತು. ಒಂದು ಚಕ್ರ ಬಿಚ್ಚಿ ಆ ಜಾಗಕ್ಕೆ ಕಲ್ಲು ಕೊಟ್ಟದ್ದಾಯಿತು. ಇಂಜಿನ್ನನ್ನು ಕಂಬಳಿಯಲ್ಲಿ ಸುತ್ತಿ ಇಬ್ಬರೂ ಹೊತ್ತುಕೊಂಡು ಮಹಡಿ ಹತ್ತಿದೆವು. ಲಾಡ್ಜ್ ಮ್ಯಾನೇಜರು ಅಡ್ಡ ಬಂದರು.

“ಪೇಶೆಂಟ್‌ನ ಇಲ್ಲಿ ಇಟ್ಕಳಂಗಿಲ್ಲ. ಆಸ್ಪತ್ರೆ ಆ ಕಡೆ.”

ಆ ರಾತ್ರಿ ಇಂಜಿನ್ ಮಂಚದ ಮೇಲೆ ಮಲಗಿತು. ಚಕ್ರ ಮಾವನ ತಲೆದೆಸೆ ಮಲಗಿತು. ನಾನು ನೆಲದ ಮೇಲೆ.

ಬೆಳಗ್ಗೆ ಹೋಗಿ ನೋಡಿದರೆ ದೋಣಿ ಭದ್ರವಾಗಿತ್ತು. ಒಳಗೆ ಕೊನೆ ಬಸ್ಸು ತಪ್ಪಿಸಿಕೊಂಡ ಒಬ್ಬ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದರೆ ಕಣ್ಣುಜ್ಜಿಕೊಂಡು “ಎಡಿಯೂರ್ ಬಂತಾ?” ಅಂದ.

ಹೀಗೆ ಕಳ್ಳನಿಂದ ದೋಣಿ ಉಳಿಯಿತು. ಮಾವನಿಂದ ಉಳಿಯಲಿಲ್ಲ. ಬಿಚ್ಚಿದ ಚಕ್ರವನ್ನು ವಾಪಸ್ ಹಾಕುವಾಗ ನಟ್ಟು ಸರಿಯಾಗಿ ಬಿಗಿದಿರಲಿಲ್ಲ. ಹೆಬ್ಬೂರು ದಾಟುವಾಗ ಚಕ್ರ ಕುಡುಕನಂತೆ ಓಲಾಡಿ ಬೋಲ್ಟುಗಳನ್ನೆಲ್ಲ ತಿಂದು ಹಾಕಿತು. ಆಮೆ ನಡಿಗೆಯಲ್ಲಿ ತುಮಕೂರಿಗೆ ಎಳೆದು ತಂದೆವು. ಮೆಕ್ಯಾನಿಕ್ ಬೋಲ್ಟು ಹುಡುಕಿ, ಟೀ ಕುಡಿದು, ಊಟ ಮಾಡಿ, ನಿದ್ದೆ ಮಾಡಿ, ಕೆಲಸವನ್ನೂ ಮಾಡಿ ಮುಗಿಸಿದಾಗ ಶನಿವಾರ ಸಂಜೆ. ಗುಬ್ಬಿ ಇನ್ನು ಕೂಗಳತೆ. ಆದರೆ ಲೈಟಿಲ್ಲವಲ್ಲ? ಎರಡನೇ ರಾತ್ರಿಯೂ ತಂಗಬೇಕು.

ಆಗ ಮಾವನ ತಲೆಯಲ್ಲಿ ಲೈಟು ಹತ್ತಿತು.

“ಲೇ, ಇವತ್ತು ರುದ್ರಯ್ಯ ಮೇಷ್ಟ್ರ ಮಗಳ ರಿಸೆಪ್ಷನ್ ಕಣ್ಲಾ! ಇಲ್ಲೇ ಛತ್ರದಲ್ಲಿ. ಛತ್ರಕ್ಕಿಂತ ಸೇಫ್ ಜಾಗ ಎಲ್ಲಿದ್ದದು? ರಾತ್ರಿಯೆಲ್ಲ ಅಡಿಗೆಯವ್ರು ಎದ್ದಿರ್ತಾರೆ. ಗಂಡಸ್ರು ಇಸ್ಪೀಟ್ ಆಡ್ತಿರ್ತಾರೆ. ಹೆಂಗಸ್ರು ಜಗಳ ಆಡ್ತಿರ್ತಾರೆ. ಕಳ್ಳ ಬಂದ್ರೆ ಅವ್ನಿಗೂ ಒಂದ್ ಎಲೆ ಹಾಕ್ತಾರೆ.”

ಊಟಕ್ಕೆ ಊಟ, ಕಾವಲಿಗೆ ಕಾವಲು. ಮೇಷ್ಟ್ರು ಗುಬ್ಬಿಯಲ್ಲಿ ಮಾವನ ಪಕ್ಕದ ಮನೆಯವರು. ಅವರ ಮಗಳು ಶೈಲಜಾ ನನ್ನ ವಾರಿಗೆಯವಳು. ರಜೆಗೆ ಗುಬ್ಬಿಗೆ ಹೋದಾಗಲೆಲ್ಲ ಅವಳ ಹತ್ತಿರ ಲೆಕ್ಕ ಹೇಳಿಸಿಕೊಂಡು, ಬದಲಿಗೆ ಅವರಪ್ಪನ ಧ್ವನಿ ಮಾಡಿ ನಗಿಸಿದವನು ನಾನು. ಈಗ ಅವಳು ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕದ ಮೇಡಂ. ಗಂಡು ತುಮಕೂರಿನವನು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ.

ಛತ್ರದ ಬಾಗಿಲ ಪಕ್ಕ ಶಾಮಿಯಾನದ ಕೆಳಗೆ ಒಂದು ಸಾಲು ನಿಂತಿತ್ತು. ನಿಮಗೂ ಗೊತ್ತಿರುವ ಸಾಲು. ಮಂಚ, ಬೀರು, ಫ್ರಿಜ್ಜು, ಕೊನೆಗೆ ರಿಬ್ಬನ್ ಸುತ್ತಿದ ಸ್ಕೂಟರು. ಬಂದವರೆಲ್ಲ ಮೊದಲು ಅದನ್ನು ನೋಡಿ, ಬೀರುವಿನ ಬಾಗಿಲು ತೆಗೆದು, ಹಾಕಿ, ಆಮೇಲೆ ಒಳಗೆ ಹೋಗಿ ಹೆಣ್ಣು ಗಂಡನ್ನು ನೋಡಬೇಕು. ಪಕ್ಕದಲ್ಲಿ ಮೇಷ್ಟ್ರ ಚಿಕ್ಕಪ್ಪ ಒಬ್ಬರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೈಯಲ್ಲಿ ದೊಣ್ಣೆ ಹಿಡಿದು ಕಾವಲು ಕೂತಿದ್ದರು.

“ನೋಡ್ದಾ?” ಅಂದ ಮಾವ. “ಕಾವಲುಗಾರನೂ ಬಿಟ್ಟಿ.”

ಜೀಪು ರಿವರ್ಸ್ ತೆಗೆದು ದೋಣಿಯನ್ನು ಸ್ಕೂಟರಿನ ಪಕ್ಕ, ಅದೇ ಸಾಲಿಗೆ ಸರಿಯಾಗಿ ನಿಲ್ಲಿಸಿದ. ಕೊಕ್ಕೆ ಗೋಡೆ ಕಡೆಗೆ. ಸರಪಳಿ ತೆಂಗಿನ ಮರಕ್ಕೆ. ಬೀಗ. ಹೂವಿನ ಅಲಂಕಾರದವನು ಸ್ಕೂಟರಿಗೆ ಚೆಂಡುಹೂವಿನ ಹಾರ ಹಾಕಿ ಮುಗಿಸಿ ದೋಣಿ ಕಡೆ ತಿರುಗಿದ.

“ಇದಕ್ಕೂ ಹಾಕ್ಲಾ ಸಾ? ಹೂವ ಮಿಕ್ಕೈತೆ.”

“ಹಾಕಪ್ಪ, ಹಾಕು. ಚೆನ್ನಾಗಿ ಕಾಣ್ಲಿ,” ಅಂದ ಮಾವ.

ಇಲ್ಲಿಯವರೆಗಿನ ತಪ್ಪೆಲ್ಲ ಮಾವನದು. ಮುಂದಿನದು ನನ್ನದು.

ರಿಸೆಪ್ಷನ್‌ನಲ್ಲಿ ಆರ್ಕೆಸ್ಟ್ರಾ ಇತ್ತು. ಹಾಡುವವರು ಗಂಟಲು ಕಟ್ಟಿ ಟೀ ಬ್ರೇಕ್ ತೆಗೆದುಕೊಂಡರು. ಖಾಲಿ ಮೈಕು. ಖಾಲಿ ಮೈಕನ್ನು ಕಂಡರೆ ನನಗೆ ಏನಾಗುತ್ತೆ ಅಂತ ನಮ್ಮಮ್ಮನನ್ನು ಕೇಳಿ. ವೇದಿಕೆ ಹತ್ತಿದೆ. ಕಂಡಕ್ಟರ್ ಮಾಡಿದೆ, ನಕ್ಕರು. ಹೆಡ್‌ಮಾಸ್ಟರ್ ಮಾಡಿದೆ, ಇನ್ನೂ ನಕ್ಕರು. ಅಮಲು ಏರಿತು. ಮದುವೆ ಮನೆಯಲ್ಲಿ ಮೈಕು ಹಿಡಿದು ಮೂಗಿನಲ್ಲಿ ಎಳೆದೆಳೆದು ಹೇಳುವ ಹಿರಿಯರೊಬ್ಬರು ಇರುತ್ತಾರಲ್ಲ, ಅವರ ಧ್ವನಿ ತೆಗೆದೆ.

“ವಧುವಿನ ತಂದೆಯವರಿಂದ… ವರ ಮಹಾಶಯರಿಗೆ… ಒಂದು ಮಂಚ… ಒಂದು ಬೀರು… ಒಂದು ಫ್ರಿಜ್ಜು… ಒಂದು ಸ್ಕೂಟರು… ಮತ್ತೂ… ಒಂದು ದೋಣಿ!”

ಛತ್ರ ಬಿದ್ದು ಬಿದ್ದು ನಕ್ಕಿತು. ಶೈಲಜಾ ಸಿಂಹಾಸನದ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎಡಗಡೆ ಮುಂದಿನ ಸಾಲು ಮಾತ್ರ ನಗಲಿಲ್ಲ. ಅದು ಗಂಡಿನ ಕಡೆಯವರ ಸಾಲು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇಬ್ಬರನ್ನು ಹೊರಗೆ ಕಳಿಸಿದರು. ಇಬ್ಬರೂ ವಾಪಸ್ ಬಂದು ತಲೆ ಅಲ್ಲಾಡಿಸಿದರು. ಹೌದು, ಇದೆ, ಹಾರ ಹಾಕಿದೆ.

ನಾನು ಇದನ್ನೆಲ್ಲ ಕಂಡೆ. ಆದರೆ ಚಪ್ಪಾಳೆಯ ನಡುವೆ ಯಾರು ಯೋಚನೆ ಮಾಡುತ್ತಾರೆ?

ಗಂಡಿನ ಅಪ್ಪ ಮಲ್ಲೇಶಪ್ಪನವರನ್ನು ಪರಿಚಯ ಮಾಡಿಕೊಡಬೇಕು. ತುಂಬ ಒಳ್ಳೆಯವರು. ಮಾತುಕತೆಯ ದಿನ ಅವರು ಹೇಳಿದ್ದು ಒಂದೇ ಮಾತಂತೆ: “ನಮಗೇನೂ ಬೇಡ. ನಿಮ್ಮ ಮಗಳಿಗೆ ನೀವು ಏನ್ ಕೊಡ್ತೀರೋ ಕೊಡಿ. ನಾವು ಕೇಳೋ ಜನ ಅಲ್ಲ.” ಹೆಣ್ಣು ಹೆತ್ತವರಿಗೆ ಈ ಮಾತಿಗಿಂತ ದುಬಾರಿ ಮಾತು ಕನ್ನಡದಲ್ಲಿ ಇಲ್ಲ. ಅದರ ಅರ್ಥವೇ ಹೊರಗೆ ಶಾಮಿಯಾನದ ಕೆಳಗೆ ಸಾಲಾಗಿ ನಿಂತಿತ್ತು.

ಆ ರಾತ್ರಿ ಊಟದ ಪಂಕ್ತಿಯಲ್ಲಿ ಮಲ್ಲೇಶಪ್ಪನವರು ಮೇಷ್ಟ್ರ ಕೈ ಹಿಡಿದು, “ಹೇಳಲೇ ಇಲ್ವಲ್ಲ ಬೀಗ್ರೆ! ಇಷ್ಟೊಂದ್ ಮಾಡ್ತೀರಾ ಅಂತ ನಾವು ಅಂದ್ಕೊಂಡೇ ಇರ್ಲಿಲ್ಲ,” ಅಂದಿದ್ದಾರೆ. ಬೀಗರು ಹೇಳುತ್ತಿರುವುದು ಚಿರೋಟಿಯ ಬಗ್ಗೆ ಅಂತ ತಿಳಿದು ಮೇಷ್ಟ್ರು, “ಏನೋ, ನಮ್ಮ ಕೈಲಾದಷ್ಟು,” ಅಂತ ಕೈ ಮುಗಿದಿದ್ದಾರೆ.

ಮುಗಿಯಿತು. ಮೈಕಿನಲ್ಲಿ ಘೋಷಣೆ, ಕಣ್ಣೆದುರಿಗೇ ಹಾರ ಹಾಕಿದ ಮಾಲು, ಕೊಡುವವರ ಬಾಯಲ್ಲೇ ಒಪ್ಪಿಗೆ. ಇನ್ನೇನು ಬೇಕು?

ಬೇಕಾಗಿದ್ದು ಒಂದು ಬೀಗ. ಅದನ್ನೂ ಹಾಕಿಕೊಂಡರು.

ಬೆಳಗ್ಗೆ ಆರಕ್ಕೆ, ಗುಬ್ಬಿಗೆ ಹೊರಡೋಣ ಅಂತ ಬಂದವರು ನಾವು ಎರಡನೇ ಬೀಗದ ಮುಂದೆ ನಿಂತೆವು. ನಮ್ಮ ಬೀಗಕ್ಕಿಂತ ಒಂದು ಸೈಜ್ ದೊಡ್ಡದು. ಸರಪಳಿ ನಮ್ಮದೇ. ಕಾವಲು ಕೂತ ಚಿಕ್ಕಪ್ಪನವರನ್ನು ಕೇಳಿದರೆ, “ಗಂಡಿನ ಕಡೆಯೋರು ಹಾಕುದ್ರು. ಭದ್ರವಾಗಿರ್ಲಿ ಅಂತ,” ಅಂದರು. ಅಷ್ಟರಲ್ಲಿ ಮಲ್ಲೇಶಪ್ಪನವರೇ ಕಾಫಿ ಲೋಟ ಹಿಡಿದು ಬಂದರು. ಬೀಗದ ಕೈ ಉಡಿದಾರದಲ್ಲಿ ನೇತಾಡುತ್ತಿತ್ತು.

“ಸ್ವಾಮಿ, ಇದು ನನ್ನ ದೋಣಿ,” ಅಂದ ಮಾವ.

“ನಿಮ್ಮದೋ, ಮೇಷ್ಟ್ರದೋ, ಅದು ನಿಮ್ಮ ನಿಮ್ಮಲ್ಲಿ. ಕೊಟ್ಟಾಯ್ತಲ್ಲ.”

“ಯಾರು ಕೊಟ್ರು?”

“ನಿಮ್ಮ ಹುಡುಗನೇ ಮೈಕಲ್ಲಿ ಹೇಳ್ದ. ಮುನ್ನೂರು ಜನ ಕೇಳವ್ರೆ.”

ಮಾವ ನನ್ನ ಕಡೆ ತಿರುಗಿದ. ಆ ನೋಟವನ್ನು ಮಾತ್ರ ಇವತ್ತಿಗೂ ಮಿಮಿಕ್ರಿ ಮಾಡಲು ಆಗಿಲ್ಲ.

ನಾನು ಮುಂದೆ ಬಂದು ನನ್ನದೇ ಧ್ವನಿಯಲ್ಲಿ (ಹೆಚ್ಚುಕಮ್ಮಿ ನನ್ನದೇ) ಹೇಳಿದೆ. “ಸಾರ್, ಅದು ತಮಾಷೆ. ನಾವು ಗುಬ್ಬಿ ಕೆರೆಗೆ ದೋಣಿ ತಗೊಂಡು ಹೋಗ್ತಿದ್ವಿ. ರಾತ್ರಿ ಯಾರಾದ್ರೂ ಕದೀತಾರೆ ಅಂತ ಇಲ್ಲಿ ನಿಲ್ಸಿದ್ವಿ.”

ಮಲ್ಲೇಶಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ತಮಾಷೆಗೆ ಯಾರಾದ್ರೂ ಮದುವೆ ಮನೆಗೆ ದೋಣಿ ತರ್ತಾರೇನ್ರೀ?”

ನೀವೇ ಹೇಳಿ. ನಿಜ ಅಷ್ಟು ಸುಳ್ಳಿನ ಹಾಗಿತ್ತು.

“ನಿಮ್ಗೆ ದೋಣಿ ಯಾಕೆ ಬೇಕು ಸಾರ್? ನಿಮ್ಮ ಮನೆ ಇರೋದು ಮೂರನೇ ಕ್ರಾಸಲ್ಲಿ. ಅಲ್ಲಿ ನಲ್ಲೀಲೇ ನೀರು ಬರಲ್ಲ.”

“ಬೇಕು ಬೇಡ ಪ್ರಶ್ನೆ ಅಲ್ಲಪ್ಪ. ಕೊಟ್ಟಿದ್ದನ್ನ ಮುಹೂರ್ತಕ್ಕೆ ಮುಂಚೆ ವಾಪಸ್ ಎತ್ಕೊಂಡು ಹೋದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ನೆಂಟರೆಲ್ಲ ನೋಡಾಗೈತೆ.”

ಅಷ್ಟು ಹೊತ್ತಿಗೆ ಮೇಷ್ಟ್ರು ಓಡಿ ಬಂದರು. ವಿಷಯ ಕೇಳಿದ್ದೇ ದೋಣಿಯ ಅಂಚು ಹಿಡಿದುಕೊಂಡರು. ಮಾವನನ್ನು ಬೀರುವಿನ ಹಿಂದಕ್ಕೆ ಕರೆದರು. ನಾನೂ ಹೋದೆ.

“ಪಂಚಾಕ್ಷರಿ, ಒಂಬತ್ತೂವರೆಗೆ ಮುಹೂರ್ತ ಕಣಪ್ಪ. ತಾಳಿ ಬೀಳೋಗಂಟ ಸುಮ್ನಿರು. ನಿನ್ನ ದಮ್ಮಯ್ಯ.”

“ತಾಳಿ ಬಿದ್ಮೇಲೆ?”

ಮೇಷ್ಟ್ರು ಗಡಿಯಾರ ನೋಡಿದರು. ಹನ್ನೊಂದಕ್ಕೆ ಗಂಡಿನ ಮನೆಗೆ ಸಾಮಾನು ಸಾಗಿಸಲು ಲಾರಿ ಬರುವುದಿತ್ತು.

“ಮೇಷ್ಟ್ರೇ, ನಾನು ಟೆಂಪೊ ಮಾರಿದೀನಿ,” ಅಂದ ಮಾವ, ಮೆಲ್ಲಗೆ. “ನಾಳೆ ಬೆಳಗ್ಗೆ ಇದು ನೀರಲ್ಲಿ ಇಲ್ದಿದ್ರೆ ನಾನೇ ನೀರಲ್ಲಿ.”

“ನಂಗೆ ಗೊತ್ತಿಲ್ವಾ? ಆದ್ರೆ ನಾನೀಗ ಅವ್ರಿಗೆ ಇಲ್ಲ ಅಂದ್ರೆ, ಅವ್ರು ನನ್ ಮಗಳಿಗೆ ಇಲ್ಲ ಅಂತಾರೆ.”

ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ, ಬೀರುವಿನ ಹಿಂದೆ ನಿಂತು, ಬೀರುವಿನ ಕನ್ನಡಿಯಲ್ಲಿ ತಮ್ಮ ಮುಖ ಕಾಣದ ಹಾಗೆ ತಿರುಗಿಕೊಂಡು ಅಳುತ್ತಿದ್ದರು. ನನಗೆ ಗೊತ್ತಿದ್ದ ಅಷ್ಟೂ ಧ್ವನಿಗಳಲ್ಲಿ ಒಂದೂ ಆಗ ಉಪಯೋಗಕ್ಕೆ ಬರಲಿಲ್ಲ.

ಮಾಡಿದ್ದುಣ್ಣೋ ಮಾರಾಯ ಅಂತ ನಾನು ಹೆಣ್ಣಿನ ರೂಮಿನ ಬಾಗಿಲಿಗೆ ಹೋದೆ. ಶೈಲಜಾ ಜಡೆಗೆ ಅರ್ಧ ಹೂವು ಹಾಕಿಸಿಕೊಂಡು ಕೂತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ.

“ಅಪ್ಪ ಅತ್ತಿದ್ದನ್ನ ನೀನು ನೋಡಿದ್ಯಾ?”

“ಹೂಂ.”

“ಅದನ್ನ ಮಾತ್ರ ಎಲ್ಲೂ ಮಾಡಿ ತೋರಿಸ್ಬೇಡ ಕಣೋ.” ಆಮೇಲೆ ಲೆಕ್ಕದ ಮೇಡಂ ಆದಳು. “ಆ ದೋಣಿ ನಡೆಸೋದು ಯಾರು? ಏನೇನು ಕೆಲಸ ಇರುತ್ತೆ? ಬೇಗ ಹೇಳು.”

ಹೇಳಿದೆ. ಎದ್ದು ಹೊರಟೇಬಿಟ್ಟಳು. ಹಿಂದಿನಿಂದ ಅವಳ ಸೋದರತ್ತೆ, “ಲೇ ಶೈಲೂ, ಮದುಮಗಳು ಹಿಂಗೆ ಹೊರಗೆ ಓಡ್ಬಾರ್ದು ಕಣೇ, ಜಡೆ, ಜಡೆ!” ಅಂತ ಮಲ್ಲಿಗೆ ದಂಡೆ ಹಿಡಿದು ಓಡಿದರು.

ಶಾಮಿಯಾನದ ಕೆಳಗೆ ಎರಡೂ ಕಡೆಯವರು ಸೇರಿದ್ದರು. ಶೈಲಜಾ ನೇರ ಮಲ್ಲೇಶಪ್ಪನವರ ಮುಂದೆ ಹೋಗಿ ಕಾಲಿಗೆ ನಮಸ್ಕಾರ ಮಾಡಿದಳು.

“ಮಾವ, ನೀವು ದೋಣಿ ಒಪ್ಕೊಂಡಿದ್ದು ತುಂಬ ಒಳ್ಳೇದಾಯ್ತು. ನಂಗೆ ಭಯ ಇತ್ತು, ನೀವು ಬೇಡ ಅಂತೀರೇನೋ ಅಂತ. ದೋಣಿ ಜೊತೆ ಕೆಲಸನೂ ಬರುತ್ತಲ್ಲ.”

“ಕೆಲಸನಾ? ಏನಮ್ಮ ಕೆಲಸ?”

“ಗುಬ್ಬಿ ಕೆರೆ ಕಾಂಟ್ರಾಕ್ಟು. ನಾಳೆಯಿಂದ ಶುರು. ದೋಣಿ ಯಾರ್ದೋ ಅವ್ರೇ ನಡೆಸ್ಬೇಕು. ನಿಮ್ಮ ಮಗ.”

ಅಡಿಗೆ ಮನೆಯಲ್ಲಿ ಒಗ್ಗರಣೆ ಸಿಡಿದಿದ್ದು ಕೇಳಿಸಿತು.

“ಏನಿಲ್ಲ ಮಾವ, ಕಷ್ಟ ಏನಿಲ್ಲ. ಪ್ಯಾಂಟು ಮಂಡಿವರೆಗೂ ಮಡಚ್ಕೊಂಡು ನೀರಲ್ಲಿ ನಿಂತು ದೋಣಿ ಹಿಡ್ಕೋಬೇಕು. ಹೆಂಗಸ್ರು ಮಕ್ಕಳನ್ನ ಕೈ ಹಿಡಿದು ಹತ್ತಿಸ್ಬೇಕು. ಕೇಕೆ ಹಾಕಿ ಜನ ಕರೀಬೇಕು. ಭಾನುವಾರ ಇವರ ಆಫೀಸಿನೋರೂ ಬರ್ತಾರೆ. ಸಾಹೇಬ್ರು ಫ್ಯಾಮಿಲಿ ಕರ್ಕೊಂಡು ಬಂದ್ರೆ ಅವ್ರ ಚಪ್ಪಲಿ ಇವರೇ ಎತ್ತಿಟ್ಕೋಬೇಕಾಗುತ್ತೆ. ಒದ್ದೆ ಆಗ್ಬಾರ್ದಲ್ಲ.”

ಮಲ್ಲೇಶಪ್ಪನವರ ತಂಗಿ ಎದೆ ಮೇಲೆ ಕೈ ಇಟ್ಟುಕೊಂಡರು. “ಅಯ್ಯಯ್ಯಪ್ಪ! ನಮ್ಮ ಹುಡುಗ ದೋಣಿ ನಡ್ಸೋದಾ? ನಾಳೆ ನನ್ ಮಗಳಿಗೆ ಗಂಡು ಬರೋದು ಬೇಡ್ವಾ?”

“ಆಳು ಇಟ್ರಾಯ್ತು,” ಅಂದರು ಮಲ್ಲೇಶಪ್ಪನವರು. ಧ್ವನಿ ಸ್ವಲ್ಪ ಇಳಿದಿತ್ತು.

“ಆಗಲ್ಲ ಮಾವ. ಮಾಲೀಕರೇ ನಡೆಸ್ಬೇಕು ಅಂತ ಕಾಂಟ್ರಾಕ್ಟಲ್ಲೇ ಇದೆ. ಅಲ್ವಾ ಪಂಚಾಕ್ಷರಿ ಮಾಮ?”

ನಮ್ಮ ಮಾವ ಹನ್ನೆರಡು ವರ್ಷ ಟೆಂಪೊ ಓಡಿಸಿದವನು. ಚೆಕ್‌ಪೋಸ್ಟಿನಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ. “ಇದೆ, ಇದೆ. ಸ್ಟಾಂಪ್ ಪೇಪರ್ ಮೇಲೆ ಇದೆ. ರಾಮಾ ಅಂದ್ರೂ ಬಿಡಲ್ಲ.”

ಆಗ ಮಹಡಿಯ ಕಿಟಕಿಯಿಂದ ಒಂದು ತಲೆ ಇಣುಕಿತು. ಅರಿಶಿನ ಹಚ್ಚಿಸಿಕೊಂಡ ಗಂಡು. “ಅಪ್ಪಾ, ಭಾನುವಾರ ಹೆಂಗೂ ರಜಾ. ನಂಗೇನ್ ಬೇಜಾರಿಲ್ಲ, ನಡೆಸ್ತೀನಿ ಬಿಡಿ.”

“ಒಳಗ್ ಹೋಗ್ಲಾ ನೀನು!” ಅಂತ ಅಪ್ಪ ಗುಡುಗಿದರು.

ಶೈಲಜಾ ತಲೆ ಎತ್ತಿ ಕಿಟಕಿ ಕಡೆ ನೋಡಿದಳು. ಅವಳು ಹೇಳಿದ್ದರಲ್ಲಿ ಅರ್ಧ ಸುಳ್ಳು. ಅದನ್ನು ನಂಬಿ, ನಂಬಿದ ಮೇಲೂ ಒಪ್ಪಿಕೊಂಡವನು ಅಲ್ಲಿ ಆ ಒಬ್ಬನೇ. ಹುಡುಗನ ಬಗ್ಗೆ ನನಗೆ ಆಗ ಸ್ವಲ್ಪ ಗೌರವ ಬಂತು. ಅವಳಿಗೆ ಏನು ಬಂತೋ ಗೊತ್ತಿಲ್ಲ. ಮುಖ ಕೆಂಪಾಗಿತ್ತು. (ಅರಿಶಿನ ಕುಂಕುಮ ಎಲ್ಲ ಇದ್ದಾಗ ಸರಿಯಾಗಿ ಹೇಳಲು ಬರುವುದಿಲ್ಲ.)

ಮಲ್ಲೇಶಪ್ಪನವರು ಎರಡು ಗುಟುಕಿನಲ್ಲಿ ಕಾಫಿ ಮುಗಿಸಿದರು. ಉಡಿದಾರದಿಂದ ಬೀಗದ ಕೈ ಬಿಚ್ಚಿದರು. ಎದೆ ಸೆಟೆಸಿ ಎಲ್ಲರಿಗೂ ಕೇಳುವಂತೆ ಹೇಳಿದರು.

“ಮೇಷ್ಟ್ರೇ, ದೋಣಿ ವಾಪಸ್ ತಗೊಳ್ಳಿ. ನಾವು ಮೊದ್ಲೇ ಹೇಳಿದೀವಿ, ನಾವು ಕೇಳೋ ಜನ ಅಲ್ಲ.”

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನನ್ನ ಹೆಗಲ ಮೇಲೆ ಕೈ ಹಾಕಿದರು. “ನಿನ್ನೆ ನೀನೇ ಅಲ್ವಾ ಹೇಳಿದ್ದು? ಇದನ್ನೂ ನೀನೇ ಹೇಳ್ಬಿಡಪ್ಪ. ಜನಕ್ಕೆ ಗೊತ್ತಾಗ್ಬೇಕು.”

ಹೇಳಿದೆ. ತಾಳಿ ಬಿದ್ದ ಐದನೇ ನಿಮಿಷಕ್ಕೆ, ಅದೇ ಮೈಕಿನಲ್ಲಿ, ಈ ಸಲ ಯಾರ ಧ್ವನಿಯನ್ನೂ ಮಾಡದೆ: “ವಧುವಿನ ಕಡೆಯಿಂದ ಬಂದ ದೋಣಿಯನ್ನು ವರನ ತಂದೆಯವರು ದೊಡ್ಡ ಮನಸ್ಸಿನಿಂದ ಹಿಂದಿರುಗಿಸಿದ್ದಾರೆ.”

ಮುನ್ನೂರು ಜನ ಚಪ್ಪಾಳೆ ತಟ್ಟಿದರು. ಹಿರಿಯರೊಬ್ಬರು ಎದ್ದು ನಿಂತು, “ಈ ಕಾಲದಲ್ಲೂ ಇಂಥೋರು ಅವ್ರೆ ನೋಡ್ರಪ್ಪ,” ಅಂತ ಕಣ್ಣೊರೆಸಿಕೊಂಡರು. ಮಲ್ಲೇಶಪ್ಪನವರು ಎದ್ದು ನಾಲ್ಕು ದಿಕ್ಕಿಗೂ ಕೈ ಮುಗಿದರು. ಮೇಷ್ಟ್ರು, ಪಾಪ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಹನ್ನೊಂದಕ್ಕೆ ಸರಿಯಾಗಿ ಲಾರಿ ಬಂತು. ನಾವು ದೋಣಿಯ ಕೊಕ್ಕೆ ಜೀಪಿಗೆ ಸಿಕ್ಕಿಸುತ್ತಿದ್ದೆವು. ಪಕ್ಕದಲ್ಲೇ ಮಂಚ ಹೋಯಿತು. ಬೀರು ಹೋಯಿತು. ಫ್ರಿಜ್ಜು ಹೋಯಿತು. ಸ್ಕೂಟರನ್ನು ನಾಲ್ಕು ಜನ ಮಗುವಿನಂತೆ ಎತ್ತಿದರು. “ಹುಷಾರು, ಗೀಚ್ ಬಿದ್ದೀತು,” ಅಂತ ಮಲ್ಲೇಶಪ್ಪನವರೇ ಮುಂದೆ ನಿಂತು ಹತ್ತಿಸಿದರು. ಇದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಅಡ್ಡವೂ ಬರಲಿಲ್ಲ. ಮೇಷ್ಟ್ರು ಒಂದು ಕಡೆ ಕೈ ಕೊಟ್ಟು ಮಂಚ ಎತ್ತಿಸಿದರು. ಎರಡು ರಾತ್ರಿ ದೋಣಿಯ ಕಾವಲಿನ ಚಿಂತೆಗೆ ಕೆಂಪಾಗಿದ್ದ ನಮ್ಮ ನಾಲ್ಕು ಕಣ್ಣೂ ಅದನ್ನು ಸುಮ್ಮನೆ ನೋಡಿದವು.

ದೋಣಿ ಭಾನುವಾರ ಮಧ್ಯಾಹ್ನಕ್ಕೆ ಗುಬ್ಬಿ ಸೇರಿ, ಸೋಮವಾರ ಬೆಳಗ್ಗೆ ನೀರಿಗಿಳಿಯಿತು. ಮಾವ ಈಗ ರೌಂಡ್ ಹೊಡೆಸುತ್ತಿದ್ದಾನೆ. ರಾತ್ರಿ ದಡಕ್ಕೆ ಎಳೆದು, ಸರಪಳಿ ಬಿಗಿದು, ಇಂಜಿನ್ ಹೊತ್ತುಕೊಂಡು ಮನೆಗೆ ಬರುತ್ತಾನೆ. ಕಳ್ಳರ ಭಯ, ಏನು ಮಾಡುವುದು?

ಕತ್ತಲಲ್ಲಿ ಬರುವವನು ಸಿಕ್ಕಿಬಿದ್ದರೆ ಕಂಬಕ್ಕೆ ಕಟ್ಟಿ ಬಾರಿಸುತ್ತೇವೆ. ವಾಲಗ ಊದಿಸಿಕೊಂಡು ಹಗಲಲ್ಲೇ ಬರುವವರಿಗೆ ಕಾಲು ತೊಳೆದು, ಹೋಳಿಗೆ ಬಡಿಸಿ, ಎಲೆ ಅಡಿಕೆ ಕೊಟ್ಟು, ಲಾರಿಗೆ ನಾವೇ ಹತ್ತಿಸಿ ಕಳಿಸುತ್ತೇವಲ್ಲ, ಬೀಗ ಎಲ್ಲಿಗೆ ಹಾಕಬೇಕು ಅಂತ ನಮಗೆ ಯಾರಾದರೂ ಹೇಳಿಕೊಟ್ಟಿದ್ದಾರಾ ಸ್ವಾಮಿ?